ಎಂ-ಫ್ಲೋ ತಂಡದ 'ಆಸ್ಟ್ರೊಮ್ಯಾಂಟಿಕ್': ಅತಿಥಿಗಳಿಂದಲೇ ನಿಂತ ಆಲ್ಬಮ್

ಅತಿಥಿ ಗಾಯಕರ ಹೆಸರು ಹಾಕಿ ಹಾಡು ಮಾರುವುದು ಬರೀ ವ್ಯಾಪಾರ ಎನ್ನುವವರು ಜಪಾನಿನ ಈ 2004ರ ಆಲ್ಬಮ್ ಕೇಳಬೇಕು. ಕೊಡಗಿನ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಕಕ್ಕಡ ತಿಂಗಳ ಮಳೆಗೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಹಾಗಾಗಿ ಹಳೆಯ ಸಿಡಿಯನ್ನೇ ತರಿಸಿಕೊಂಡೆ.

2002ರಲ್ಲಿ ಎಂ-ಫ್ಲೋ ಎಂಬ ಮೂವರ ತಂಡದಿಂದ ಗಾಯಕಿ ಲೀಸಾ ಹೊರನಡೆದಾಗ ಉಳಿದವರು ಇಬ್ಬರೇ: ರ‍್ಯಾಪ್ ಹಾಡುವ ವರ್ಬಲ್, ಸಂಗೀತ ಕಟ್ಟುವ ತಾಕು ತಕಹಾಶಿ. ಅವರು ಆ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. 2003ರಿಂದ ಸಿಂಗಲ್‌ಗಳಿಗೆ, ಅಂದರೆ ಬಿಡಿಯಾಗಿ ಹೊರತರುವ ಹಾಡುಗಳಿಗೆ, ಬೇರೆ ಬೇರೆ ಅತಿಥಿಗಳನ್ನು ಕರೆದು, ತಂಡದ ಹೆಸರಿಗೂ ಅತಿಥಿಯ ಹೆಸರಿಗೂ ನಡುವೆ 'ಲವ್ಸ್' ಎಂದು ಅಚ್ಚು ಹಾಕಿಸಿದರು. ಹೀಗೆ ಇಡೀ ಸರಣಿಗೇ ಒಂದು ಗುರುತು ಸಿಕ್ಕಿತು. ಎಷ್ಟು ಜಾಣ ನಡೆ! ಅತಿಥಿಗಳಲ್ಲೊಬ್ಬರಾದ ಕ್ರಿಸ್ಟಲ್ ಕೇ ಆಗ ಸೋನಿ ಸಂಗೀತ ಕಂಪನಿಯ ಬಳಗದ ಗಾಯಕಿ, ಎಂ-ಫ್ಲೋ ಏವೆಕ್ಸ್ ಕಂಪನಿಯ ಬಳಗದ ತಂಡ. ಪ್ರತಿಸ್ಪರ್ಧಿ ಕಂಪನಿಯ ಅಭಿಮಾನಿಗಳೂ ಈ ಡಿಸ್ಕ್ ಕೊಳ್ಳುವಂತಾಯಿತು. ಇನ್ನೊಬ್ಬ ಅತಿಥಿ, ಕೊರಿಯಾದ ಗಾಯಕಿ ಬೋವಾ ಆ ಹೊತ್ತಿಗೆ ಜಪಾನಿನಲ್ಲಿ ಮನೆಮಾತಾಗಿದ್ದರು.

ತಂತ್ರ ಗೊತ್ತಿದ್ದೂ ನನಗೆ ಹಾಡುಗಳು ಹಿಡಿಸಿದವು. ತಕಹಾಶಿ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದಿಲ್ಲ. ಕ್ರಿಸ್ಟಲ್ ಕೇ ಹಾಡಿದ್ದರಲ್ಲಿ ಧ್ವನಿಯೇ ಮುಂದೆ, ಬೋವಾ ಹಾಡಿನಲ್ಲಿ ಕುಣಿತವೇ ಮುಂದೆ. ಮೆಲೊಡಿ ಎಂಬ ಗಾಯಕಿ ಮತ್ತು ಗಾಯಕ ಯಮಾಮೊಟೊ ರ‍್ಯೋಹೆಯ್ ಜೋಡಿಯ ಹಾಡನ್ನಂತೂ ಮತ್ತೆ ಮತ್ತೆ ಹಾಕುತ್ತೇನೆ. ಒಂದು ಕೊರತೆಯಿದೆ: ಇಷ್ಟು ಅತಿಥಿಗಳ ನಡುವೆ ಆಲ್ಬಮ್ ಅಲ್ಲಲ್ಲಿ ಚದುರಿದಂತೆ ಕೇಳಿಸುತ್ತದೆ.

ಹೊಸಬರು ಕ್ರಿಸ್ಟಲ್ ಕೇ ಹಾಡಿನಿಂದ ಆರಂಭಿಸಿ, ಅಲ್ಲಿಂದ ಆಕೆಯದೇ ಆಲ್ಬಮ್‌ಗಳಿಗೆ ಹೋಗಬಹುದು.