ರೇಸ್ ಕುದುರೆಯ ಲಾಯವೊಂದರಲ್ಲಿ ಹದಿನಾಲ್ಕು ತಿಂಗಳು: ಪಾಲುದಾರನೊಬ್ಬನ ಅನಿಸಿಕೆ

ನಾಲ್ವರು ಗೆಳೆಯರೊಂದಿಗೆ ಸೇರಿ ಒಂದೂವರೆ ವರ್ಷದ ಹೆಣ್ಣು ಕುದುರೆಮರಿಯೊಂದನ್ನು ಕೊಂಡು, ತರಬೇತಿಗೆಂದು ಲಾಯಕ್ಕೆ ಬಿಟ್ಟು ಈಗ ಹದಿನಾಲ್ಕು ತಿಂಗಳಾದವು. ಈ ಅವಧಿಯಲ್ಲಿ ಅದು ಮೂರು ಸಲ ಓಡಿದೆ, ಒಮ್ಮೆಯೂ ಗೆದ್ದಿಲ್ಲ. ಮೂರನೆಯ ಓಟದಲ್ಲಿ ಎರಡನೆಯ ಸ್ಥಾನಕ್ಕೆ ಬಂದದ್ದೇ ಇದುವರೆಗಿನ ಸಾಧನೆ. ಹೀಗಿರುವಾಗ ಲಾಯದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದೇಕೆ ಎಂದು ಪಾಲುದಾರರಲ್ಲೇ ಇಬ್ಬರು ಕೇಳಿದ್ದಾರೆ. ಗೆಲುವಿನಲ್ಲಿ ಕುದುರೆಯ ಪಾಲೂ ಇರುತ್ತದೆ, ಎದುರಾಳಿಗಳ ಪಾಲೂ ಇರುತ್ತದೆ, ಆ ದಿನದ ನೆಲದ ಪಾಲೂ ಇರುತ್ತದೆ. ನಾವು ತಿಂಗಳು ತಿಂಗಳೂ ಹಣ ಕಟ್ಟಿದ್ದು ಮಾತ್ರ ಓಟವಿಲ್ಲದ ನಾನೂರು ಚಿಲ್ಲರೆ ದಿನಗಳಿಗೆ. ಆ ದಿನಗಳನ್ನು ಲಾಯ ಹೇಗೆ ನಡೆಸಿತು ಎಂಬುದನ್ನಷ್ಟೇ ನಾನು ಇಲ್ಲಿ ತೂಗಿ ನೋಡುತ್ತಿದ್ದೇನೆ.

ಲಾಯದಲ್ಲಿ ಮೂವತ್ತರ ಆಸುಪಾಸು ಕುದುರೆಗಳಿವೆ; ಮೂರು ಕುದುರೆಗೆ ಒಬ್ಬರಂತೆ ಸೈಸ್‌ಗಳು, ಅಂದರೆ ಕುದುರೆಯ ಆರೈಕೆಯವರು, ಇದ್ದಾರೆ. ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ನಾನು ಮೊದಲ ಸಲ ಅಷ್ಟು ಹೊತ್ತಿಗೆ ಹೋದಾಗ, ನಮ್ಮ ಮರಿಯನ್ನು ನೋಡಿಕೊಳ್ಳುವ ಹಿರಿಯರು ಬಾಗಿಲು ತೆರೆದವರೇ ಕುದುರೆಯ ಮುಖವನ್ನೂ ನೋಡದೆ ಗೋದಲಿಯೊಳಗೆ ಇಣುಕಿದರು. ರಾತ್ರಿ ಹಾಕಿದ ಮೇವಿನಲ್ಲಿ ಎಷ್ಟು ಉಳಿದಿದೆ ಎಂಬುದು ಅವರಿಗೆ ಬೇಕಾದ ಮೊದಲ ಸುದ್ದಿ. ಆಮೇಲೆ ನೆಲದ ಮೇಲಿನ ಲದ್ದಿಯನ್ನು ನೋಡಿದರು, ಬಕೆಟ್ಟಿನ ನೀರು ನೋಡಿದರು. ಕೊನೆಗೆ ಕುಕ್ಕರುಗಾಲಿನಲ್ಲಿ ಕುಳಿತು, ಮುಂಗಾಲುಗಳನ್ನು ಮೊಣಕಾಲಿನಿಂದ ಗೊರಸಿನವರೆಗೆ ಎರಡೂ ಕೈಗಳಲ್ಲಿ ನಿಧಾನವಾಗಿ ಸವರಿದರು. ಎಡಗಾಲು ಮುಟ್ಟಿ ಬಲಗಾಲು, ಬಲಗಾಲು ಮುಟ್ಟಿ ಮತ್ತೆ ಎಡಗಾಲು. ಒಂದು ಕಾಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೆಚ್ಚಗಿದ್ದರೂ ಆ ಕುದುರೆ ಅಂದು ಜೀನು ಕಾಣುವುದಿಲ್ಲ. ಇದೆಲ್ಲ ಮುಗಿದ ಮೇಲೆ ಥರ್ಮಾಮೀಟರ್ ಹೊರಬಂತು. ಆರೋಗ್ಯವಂತ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರುತ್ತದೆ. ಅಂದಿನ ಅಂಕಿಯನ್ನು ಬಾಗಿಲ ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಪ್ರತಿ ಕುದುರೆಗೂ ಇಂಥ ಒಂದು ಹಲಗೆ ಇದೆ: ಮೈಬಿಸಿ, ಉಳಿದ ಮೇವು, ನಿನ್ನೆಯ ಕೆಲಸ, ಇಂದಿನ ಕೆಲಸ. ನಾನು ಯಾವಾಗ ಹೋದರೂ ಹಲಗೆ ಖಾಲಿ ಇದ್ದದ್ದನ್ನು ಕಂಡಿಲ್ಲ. ಮಾಲೀಕರು ಬರುತ್ತಾರೆಂದು ಆತುರದಲ್ಲಿ ತುಂಬಿಸಿದ್ದೂ ಅಲ್ಲ, ಏಕೆಂದರೆ ಎರಡು ಸಲ ನಾನು ಹೇಳದೆಯೇ ಹೋಗಿದ್ದೆ.

ಮೇವಿನ ವಿಷಯದಲ್ಲಿ ಲಾಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕುದುರೆಯ ಹೊಟ್ಟೆ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಮೇಲಾಗಿ ಅದರ ಹೊಟ್ಟೆಯಲ್ಲಿ ಆಮ್ಲ ಹಗಲಿರುಳೂ ಒಸರುತ್ತಲೇ ಇರುತ್ತದೆ. ಬಯಲಿನಲ್ಲಿ ಬಿಟ್ಟರೆ ದಿನದ ಬಹುಪಾಲು ಮೇಯುತ್ತಲೇ ಇರುವ ಪ್ರಾಣಿಯನ್ನು ನಾವು ಕಟ್ಟಿ ಹಾಕಿ, ಹೊತ್ತಿಗೆ ಸರಿಯಾಗಿ ಓಟ್ಸ್ ಸುರಿದು, ನಡುವೆ ಬರಿಹೊಟ್ಟೆಯಲ್ಲಿ ನಿಲ್ಲಿಸುತ್ತೇವೆ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ಅಷ್ಟೊಂದು ಸಾಮಾನ್ಯವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಇಲ್ಲಿ ದಾಣಿಯನ್ನು ದಿನಕ್ಕೆ ನಾಲ್ಕು ಸಣ್ಣ ಪಾಲಾಗಿ ಕೊಡುತ್ತಾರೆ, ಒಣಹುಲ್ಲಿನ ಬಲೆ ಎಂದೂ ಬರಿದಾಗುವುದಿಲ್ಲ. ಬೆಳಗಿನ ಕೆಲಸಕ್ಕೆ ಹೊರಡುವ ಮೊದಲೂ ಎರಡು ಹಿಡಿ ಹುಲ್ಲು ತಿನ್ನಿಸುತ್ತಾರೆ. ಹೊಟ್ಟೆಯಲ್ಲಿ ಹುಲ್ಲಿನ ಒಂದು ಪದರವಿದ್ದರೆ ಓಡುವಾಗ ಆಮ್ಲ ಮೇಲಕ್ಕೆ ಚಿಮ್ಮಿ ಸುಡುವುದು ಕಡಿಮೆಯಾಗುತ್ತದೆ. ಎರಡು ಹಿಡಿ ಹುಲ್ಲಿಗೆ ಖರ್ಚೇನೂ ಇಲ್ಲ, ಆದರೆ ಸೈಸ್ ಒಬ್ಬರು ಕಾಲು ಗಂಟೆ ಮೊದಲೇ ಏಳಬೇಕು. ಹುಲ್ಲನ್ನು ನೀರಿನಲ್ಲಿ ನೆನೆಸಿಯೇ ಕಟ್ಟುತ್ತಾರೆ; ಕುದುರೆ ಬಾಯಿಂದ ಉಸಿರಾಡಲಾರದು, ಮೂಗಿಗೆ ಹೋದ ಸಣ್ಣ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನು ತರಬೇತಿ. ಮರಿ ಬಂದದ್ದು ನವೆಂಬರಿನಲ್ಲಿ. ಮೊದಲ ತಿಂಗಳು ಅದರ ಬೆನ್ನ ಮೇಲೆ ಯಾರೂ ಕೂರಲಿಲ್ಲ. ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವುದು, ಹೊಟ್ಟೆಗೆ ಪಟ್ಟಿ ಬಿಗಿಯುವುದು, ಕಡಿವಾಣ ಕಚ್ಚಿಸುವುದು, ಬರಿ ಜೀನು ಹೊರಿಸಿ ಅಡ್ಡಾಡಿಸುವುದು, ಸವಾರನೊಬ್ಬ ಮೂಟೆಯಂತೆ ಬೆನ್ನ ಮೇಲೆ ಅಡ್ಡ ಮಲಗಿ ಇಳಿಯುವುದು, ಇಷ್ಟೇ. ನಮ್ಮ ಪಾಲುದಾರರೊಬ್ಬರು ಆಗಲೇ ‘ಯಾವಾಗ ಓಡುತ್ತದೆ?’ ಎಂದು ಕೇಳಲು ಶುರುಮಾಡಿದ್ದರು. ಅವರು ಇಂದಿಗೂ ಬೇರೆ ಪ್ರಶ್ನೆ ಕೇಳಿಲ್ಲ. ಆಮೇಲಿನ ಮೂರು ತಿಂಗಳು ನಡಿಗೆ, ಟ್ರಾಟ್ ಎಂಬ ಹಗುರ ಓಟ, ಅದಕ್ಕಿಂತ ಚುರುಕಾದ ಕ್ಯಾಂಟರ್, ಅದೂ ನಿಧಾನದ್ದು. ರೇಸಿನ ಲೆಕ್ಕವೆಲ್ಲ ಫರ್ಲಾಂಗಿನಲ್ಲಿ, ಅಂದರೆ ಸುಮಾರು 201 ಮೀಟರಿನಲ್ಲಿ. ಫರ್ಲಾಂಗಿಗೆ 20 ಸೆಕೆಂಡು ಎಂದರೆ ಆರಾಮದ ಓಟ, 15 ಎಂದರೆ ಕೆಲಸ, 12 ಎಂದರೆ ಗಂಟೆಗೆ 60 ಕಿಲೋಮೀಟರ್ ವೇಗದ ಪೂರ್ತಿ ಗ್ಯಾಲಪ್. ನಮ್ಮ ಮರಿ 20ರಿಂದ 15ಕ್ಕೆ ಇಳಿಯುವಷ್ಟರಲ್ಲಿ ಮಾರ್ಚ್ ಮುಗಿದಿತ್ತು.

ಲಾಯದ ಯೋಗ್ಯತೆ ನನಗೆ ನಿಜವಾಗಿ ಕಂಡದ್ದು ಏಪ್ರಿಲಿನಲ್ಲಿ. ಮರಿ ಮಿರಮಿರ ಮಿಂಚುತ್ತಿತ್ತು, ಗ್ಯಾಲಪ್ ಮುಗಿಸಿ ಬಂದರೂ ಹತ್ತು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತಿತ್ತು. ಹೊಟ್ಟೆಪಟ್ಟಿಯ ಕೆಳಗೆ ಕಟ್ಟುವ ಯಂತ್ರದಲ್ಲಿ ಎದೆಬಡಿತ ದಾಖಲಾಗುತ್ತದೆ: ಸುಮ್ಮನೆ ನಿಂತಾಗ ನಿಮಿಷಕ್ಕೆ 30ರ ಆಚೀಚೆ ಇರುವ ಬಡಿತ ಗ್ಯಾಲಪ್‌ನಲ್ಲಿ 200 ದಾಟುತ್ತದೆ, ಓಟ ಮುಗಿದ ಐದು ನಿಮಿಷಕ್ಕೆ ಅದು ಎಷ್ಟಕ್ಕೆ ಇಳಿಯಿತು ಎಂಬುದೇ ದೇಹದ ಕಸುವಿನ ಅಳತೆ. ಎರಡು ತಿಂಗಳಲ್ಲಿ ನಮ್ಮ ಮರಿಯ ಆ ಅಂಕಿ 118ರಿಂದ 96ಕ್ಕೆ ಬಂದಿತ್ತು. ಕಾಗದದ ಮೇಲೆ ಕುದುರೆ ಸಿದ್ಧವಾಗಿತ್ತು, ನಾವೂ ಹೊಸ ಅಂಗಿ ಹೊಲಿಸಲು ಸಿದ್ಧರಾಗಿದ್ದೆವು. ಅಷ್ಟರಲ್ಲಿ ಒಂದು ಬೆಳಿಗ್ಗೆ ಸೈಸ್ ಹಿರಿಯರ ಬೆರಳು ಎಡ ಮುಂಗಾಲಿನ ಮೊಣಕಾಲ ಕೆಳಗಿನ ಉದ್ದ ಮೂಳೆಯ ಮುಂಭಾಗವನ್ನು ಒತ್ತಿದಾಗ ಮರಿ ಕಾಲು ಎಳೆದುಕೊಂಡಿತು. ಕುಂಟು ಇರಲಿಲ್ಲ, ಬಾವೂ ಕಣ್ಣಿಗೆ ಕಾಣುವಂತಿರಲಿಲ್ಲ.

ತರಬೇತುದಾರರು ಅಂದೇ ಮಧ್ಯಾಹ್ನ ಐವರಿಗೂ ಕರೆ ಮಾಡಿ ವೇಗದ ಕೆಲಸವನ್ನು ಆರು ವಾರ ನಿಲ್ಲಿಸುತ್ತಿರುವುದಾಗಿ ತಿಳಿಸಿದರು. ಅವರು ಕೊಟ್ಟ ವಿವರಣೆ ನನಗೆ ಇಂದಿಗೂ ನೆನಪಿದೆ. ಎದೆ, ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ ತಿಂಗಳುಗಳು ಬೇಕು, ಸ್ನಾಯುರಜ್ಜು ಅದಕ್ಕಿಂತಲೂ ನಿಧಾನ. ಹೀಗಾಗಿ ಎರಡು ವರ್ಷದ ಕುದುರೆ ಅತಿ ಹೆಚ್ಚು ಅಪಾಯದಲ್ಲಿರುವುದು ಅದು ನೋಡಲು ಅತ್ಯಂತ ಗಟ್ಟಿಯಾಗಿ ಕಾಣುವ ಹೊತ್ತಿನಲ್ಲೇ, ಏಕೆಂದರೆ ಮೂಳೆ ತಾಳಲಾರದ ವೇಗವನ್ನು ಮಾಂಸಖಂಡ ಕೊಡಬಲ್ಲದು. ಮೂಳೆ ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ತನ್ನನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಮೈಲಿಗಟ್ಟಲೆ ನಿಧಾನದ ಕ್ಯಾಂಟರ್ ಮಾಡಿಸಿದರೂ ರೇಸಿನ ಭಾರ ಎಂಥದು ಎಂಬುದು ಮೂಳೆಗೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಚಿಕ್ಕ ಚಿಕ್ಕ ದೂರದ ವೇಗದ ಓಟವನ್ನು ಔಷಧಿಯ ಪ್ರಮಾಣದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ‘ಏರಿಸಿದ್ದು ಒಂದು ಗುಟುಕು ಹೆಚ್ಚಾಯಿತು, ತಪ್ಪು ನನ್ನದೇ’ ಎಂದು ಅವರು ಸುತ್ತು ಬಳಸದೆ ಹೇಳಿದರು. ಹೊರಗಿನ ಪಶುವೈದ್ಯರ ಎಕ್ಸ್‌ರೇಯಲ್ಲಿ ಮೂಳೆಯ ಬಿರುಕು ಕಾಣಲಿಲ್ಲ. ಆರು ವಾರ ಎಂದದ್ದು ಎಂಟಾಯಿತು, ಬೇಸಿಗೆಯ ಓಟಗಳೆಲ್ಲ ಕೈತಪ್ಪಿದವು. ಆದರೆ ಆ ಎಂಟು ವಾರಗಳ ಬಿಲ್ಲಿನಲ್ಲಿ ಸವಾರಿ ಶುಲ್ಕವನ್ನು ಕೇಳದೆಯೇ ಕಡಿತ ಮಾಡಿದ್ದರು.

ನಮ್ಮ ಮರಿ ಮೇ ತಿಂಗಳಲ್ಲಿ ಹುಟ್ಟಿದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಉತ್ತರ ಗೋಳಾರ್ಧದಲ್ಲಿ ರೇಸಿನ ತಳಿಯಾದ ಥರೋಬ್ರೆಡ್ ಕುದುರೆಗಳೆಲ್ಲಕ್ಕೂ ಜನವರಿ 1, ದಕ್ಷಿಣದ ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಆಗಸ್ಟ್ 1 ಜನ್ಮದಿನವೆಂದು ಲೆಕ್ಕ. ಹಾಗಾಗಿ ನಮ್ಮದು ಮೊದಲ ವರ್ಷದುದ್ದಕ್ಕೂ ತನಗಿಂತ ಮೂರು ನಾಲ್ಕು ತಿಂಗಳು ಹಿರಿಯ ಕುದುರೆಗಳ ಜೊತೆ ಪೈಪೋಟಿ ಮಾಡಬೇಕಾಯಿತು. ಇದನ್ನು ಕೊಳ್ಳುವ ದಿನವೇ ತರಬೇತುದಾರರು ಹೇಳಿದ್ದರು. ನಾವು ತಲೆಯಾಡಿಸಿದ್ದೆವು, ಅಷ್ಟೆ.

ಜುಲೈನಿಂದಾಚೆಗಿನ ಕೆಲಸ ಬೇರೆ ಬಗೆಯದಾಗಿತ್ತು. ಏರುದಾರಿಯಲ್ಲಿ ಮೂರು ಫರ್ಲಾಂಗ್ ಕ್ಯಾಂಟರ್, ನಡೆದು ಇಳಿಯುವುದು, ಮತ್ತೆ ಏರುವುದು. ಹೀಗೆ ಎರಡೋ ಮೂರೋ ಸಲ. ಬ್ರಿಟನ್ನಿನಲ್ಲಿ ಹದಿನೈದು ಸಲ ಜಂಪ್ ರೇಸಿನ, ಅಂದರೆ ತಡೆಗಳನ್ನು ಹಾರಿ ಓಡುವ ಓಟದ, ಚಾಂಪಿಯನ್ ಟ್ರೈನರ್ ಆದ ಮಾರ್ಟಿನ್ ಪೈಪ್ ಈ ಬಿಟ್ಟುಬಿಟ್ಟು ಓಡಿಸುವ ಕ್ರಮವನ್ನೂ ನಿಯತವಾದ ರಕ್ತಪರೀಕ್ಷೆಯನ್ನೂ ಬಳಸಿ ಹೆಸರಾದವರು. ಏರುದಾರಿಯಲ್ಲಿ ಕಡಿಮೆ ವೇಗಕ್ಕೇ ಎದೆಗೆ ಹೆಚ್ಚು ದುಡಿಮೆ ಸಿಗುತ್ತದೆ, ಮುಂಗಾಲಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ನಮ್ಮ ಮರಿಗೆ ಬೇಕಾದದ್ದೇ ಅದು. ಅದರ ಇನ್ನೊಂದು ದೋಷ ಆತುರ: ಲಗಾಮು ಜಗ್ಗಿಕೊಂಡು ಮೊದಲ ಎರಡು ಫರ್ಲಾಂಗಿನಲ್ಲೇ ಕಸುವೆಲ್ಲ ಸುರಿದುಬಿಡುತ್ತಿತ್ತು. 2010ರಿಂದ 2012ರವರೆಗೆ ಓಡಿದ ಹದಿನಾಲ್ಕು ಓಟಗಳನ್ನೂ ಗೆದ್ದ ಬ್ರಿಟನ್ನಿನ ಕುದುರೆ ಫ್ರಾಂಕೆಲ್‌ಗೂ ಮೊದಮೊದಲು ಇದೇ ಆತುರವಿತ್ತು, ಹೆನ್ರಿ ಸೆಸಿಲ್ ಅವರ ಲಾಯ ತಾಳ್ಮೆಯಿಂದ ಅದನ್ನು ತಿದ್ದಿತು ಎಂದು ಸವಾರ ಹುಡುಗ ನಮಗೆ ಸಮಾಧಾನ ಹೇಳಿದ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ ಎಂಬುದು ನಮಗೂ ಗೊತ್ತು. ದಿನವೂ ವಯಸ್ಸಾದ ಶಾಂತ ಕುದುರೆಯೊಂದರ ಬಾಲಕ್ಕೆ ಮೂಗು ತಾಗುವಷ್ಟು ಹಿಂದೆ ಓಡಿಸಿ, ಎರಡು ತಿಂಗಳಲ್ಲಿ ಮರಿಗೆ ಉಸಿರು ಉಳಿಸಿಕೊಳ್ಳುವುದನ್ನು ಕಲಿಸಿದರು. ಗ್ಯಾಲಪ್‌ನಲ್ಲಿ ಕುದುರೆ ಹೆಜ್ಜೆಗೊಂದರಂತೆ ಉಸಿರಾಡುತ್ತದೆ; ಕಂಬಿಯ ಪಕ್ಕ ನಿಂತರೆ ಆ ತಾಳ ಕೇಳುತ್ತದೆ, ಆತುರದ ಕುದುರೆಯ ತಾಳ ತಪ್ಪುವುದೂ ಕೇಳುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ನಮ್ಮ ಮರಿಯದು ತಪ್ಪುತ್ತಿರಲಿಲ್ಲ.

ದೂರುಗಳೂ ಇವೆ. ಎಲ್ಲಕ್ಕಿಂತ ದೊಡ್ಡದು ಅಕ್ಟೋಬರಿನದು. ಮೊದಲ ಓಟದ ಹತ್ತು ದಿನಗಳ ನಂತರ ಮರಿಗೆ ಕೆಮ್ಮು ಬಂತು, ಸುದ್ದಿ ನಮಗೆ ಮುಟ್ಟಿದ್ದು ಆರು ದಿನ ಕಳೆದ ಮೇಲೆ, ಅದೂ ಔಷಧಿಯ ಬಿಲ್ಲಿನ ಮೂಲಕ. ಆ ವಾರ ತರಬೇತುದಾರರು ಊರಲ್ಲಿರಲಿಲ್ಲವಂತೆ, ಅವರ ಸಹಾಯಕರು ‘ಸಣ್ಣ ವಿಷಯ’ ಎಂದು ಬಿಟ್ಟರಂತೆ. ಹಲಗೆಯ ಮೇಲೆ ಮಾತ್ರ ಎಲ್ಲವೂ ದಿನಾಂಕಸಹಿತ ಬರೆದಿತ್ತು. ಕುದುರೆಯ ಆರೈಕೆಯಲ್ಲಿ ಲೋಪವಾಗಿರಲಿಲ್ಲ: ಓಟವಾದ ಮೇಲೆ ಗಂಟಲಿಗೆ ಎಂಡೋಸ್ಕೋಪ್ ಇಳಿಸಿ ಶ್ವಾಸಕೋಶದಿಂದ ರಕ್ತ ಒಸರಿದೆಯೇ ಎಂದು ನೋಡಿದ್ದರು, ಬೇರೆ ಕುದುರೆಗಳಿಂದ ದೂರ ಕಟ್ಟಿದ್ದರು, ಕೆಲಸ ನಿಲ್ಲಿಸಿದ್ದರು. ಆದರೆ ಏಪ್ರಿಲಿನಲ್ಲಿ ಅಂದೇ ಕರೆ ಮಾಡಿದ್ದ ಲಾಯದಿಂದ ನಾವು ಅಕ್ಟೋಬರಿನಲ್ಲೂ ಅದನ್ನೇ ನಿರೀಕ್ಷಿಸಿದ್ದೆವು. ಸುದ್ದಿ ತಿಳಿಸುವುದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ಕೆಲಸವಾಗಿದೆ, ಲಾಯದ ನಿಯಮವಾಗಿಲ್ಲ. ವಾರಕ್ಕೊಮ್ಮೆ ಬರುವ ವರದಿಯೂ ಅಷ್ಟೆ: ‘ಚೆನ್ನಾಗಿದೆ, ಕೆಲಸ ಮಾಡುತ್ತಿದೆ’ ಎಂಬ ಒಂದು ಸಾಲು, ಒಂದು ಫೋಟೋ. ಆ ಹಲಗೆಯದೇ ಚಿತ್ರ ತೆಗೆದು ಕಳಿಸಿ ಎಂದು ನಾನು ಕೇಳಿಕೊಂಡ ಮೇಲೆ ಈಗ ಅದು ಬರುತ್ತಿದೆ. ಹೊಸದಾಗಿ ಸೇರುವವರು ಮೊದಲ ದಿನವೇ ಇದನ್ನು ಕೇಳಿ ಗಟ್ಟಿಮಾಡಿಕೊಳ್ಳುವುದು ಒಳ್ಳೆಯದು.

ಬಿಲ್ಲಿನಲ್ಲಿ ಲಾಳ, ಪಶುವೈದ್ಯರು, ಸಾಗಣೆ ಪ್ರತ್ಯೇಕವಾಗಿ ಬರುತ್ತವೆ, ‘ಇತರೆ’ ಎಂಬ ಸಾಲು ಮಾತ್ರ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ. ಮಧ್ಯಾಹ್ನದ ಹೊತ್ತು ಯಾರನ್ನೂ ಒಳಗೆ ಬಿಡುವುದಿಲ್ಲ. ಇದಕ್ಕೆ ಕೆಲವರು ಮುನಿಸಿಕೊಳ್ಳುತ್ತಾರೆ, ನನಗೆ ಸರಿಯೆನಿಸಿದೆ: ಕುದುರೆ ನಿಂತೇ ತೂಕಡಿಸಬಲ್ಲದಾದರೂ ಗಾಢ ನಿದ್ದೆಗೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು, ಅಪರಿಚಿತರ ಗದ್ದಲವಿದ್ದರೆ ಮಲಗುವುದಿಲ್ಲ.

ಓಟ ಶುರುವಾಗುವ ಗೇಟಿನ ಅಭ್ಯಾಸ ಚುರುಕಾಗಿ ಮುಗಿಯಿತು, ಮರಿ ಅಲ್ಲಿ ಎಂದೂ ತಂಟೆ ಮಾಡಲಿಲ್ಲ. ಮೊದಲೆರಡು ಓಟಗಳಲ್ಲಿ ಒಂಬತ್ತನೆಯದು, ಆರನೆಯದು. ಡಿಸೆಂಬರಿನ ಓಟದಲ್ಲಿ ಗುಂಪಿನ ಹಿಂದೆ ತಾಳ್ಮೆಯಿಂದ ಕಾದು, ಕೊನೆಯ ಒಂದೂವರೆ ಫರ್ಲಾಂಗಿನಲ್ಲಿ ಹೊರಬಂದು ಅರ್ಧ ಕುದುರೆಯುದ್ದದ ಅಂತರದಿಂದ ಸೋತಿತು. ಅಂದು ಸಂಜೆ ನಾನು ಲಾಯಕ್ಕೆ ಹೋದಾಗ ಸೈಸ್ ಹಿರಿಯರು ಎಂದಿನಂತೆ ಕುಳಿತು ಕಾಲು ಸವರುತ್ತಿದ್ದರು. ಎರಡೂ ತಣ್ಣಗಿವೆ ಎಂದು ಹೇಳಿದ ಮೇಲೆಯೇ ಓಟದ ಮಾತು ತೆಗೆದರು.

ಬೇಗ ಓಡಬೇಕು, ಬೇಗ ಗೆಲ್ಲಬೇಕು ಎನ್ನುವವರಿಗೆ ಈ ಲಾಯ ಹೊಂದುವುದಿಲ್ಲ. ನಮ್ಮ ಐವರಲ್ಲಿ ಒಬ್ಬರು ಈಗಾಗಲೇ ತಮ್ಮ ಪಾಲು ಮಾರುವ ಯೋಚನೆಯಲ್ಲಿದ್ದಾರೆ. ಉಳಿದ ನಾಲ್ವರು ಇನ್ನೊಂದು ವರ್ಷಕ್ಕೆ ಸಹಿ ಹಾಕಿದ್ದೇವೆ. ನಾಲ್ಕನೆಯ ಓಟ ಯಾವಾಗ ಎಂದು ಕಳೆದ ವಾರ ನಾನೇ ಕೇಳಿದೆ. ಗುರುವಾರ ಲಾಳದವರು ಬರುತ್ತಾರೆ, ಆಮೇಲಿನ ಎರಡು ಗ್ಯಾಲಪ್ ನೋಡಿ ಹೇಳುತ್ತೇನೆ ಎಂದರು ತರಬೇತುದಾರರು.