ಕಾಣೆಯಾದ ಒಂದು ಡಿಎಲ್‌ಎಲ್ ಫೈಲ್ ಹುಡುಕಲು ಹೋಗಿ 20,498 ರೂಪಾಯಿ ಹೋಯಿತು

ಅಪ್ಪನ ಕಂಪ್ಯೂಟರ್ 2012ರದ್ದು. ವಿಂಡೋಸ್ 7, 64 ಬಿಟ್. ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಸಿ ಡ್ರೈವ್ ತುಂಬಿತ್ತು. ಬೇಡದ್ದನ್ನು ತೆಗೆಯೋಣ ಅಂತ ಕೂತೆ. ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್’ ಅಂತ ಐದಾರು ಸಾಲು ಇದ್ದವು, 2005, 2008, 2010. ಒಂದೇ ಹೆಸರು ಇಷ್ಟು ಸಲ ಯಾಕೆ ಅಂತ ಎಲ್ಲ ತೆಗೆದುಬಿಟ್ಟೆ. ದಯವಿಟ್ಟು ನೀವು ಹೀಗೆ ಮಾಡಬೇಡಿ. ಅವು ಬೇರೆ ಬೇರೆ ಪ್ರೋಗ್ರಾಮ್‌ಗಳಿಗೆ ಬೇಕಾದ ಬೇರೆ ಬೇರೆ ಆವೃತ್ತಿಗಳು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಮರುದಿನ ಲೆಕ್ಕದ ಸಾಫ್ಟ್‌ವೇರ್ ತೆರೆಯಲಿಲ್ಲ. ‘ಎಂಎಸ್‌ವಿಸಿಆರ್100 ಡಿಎಲ್‌ಎಲ್ ಕಾಣೆಯಾಗಿದೆ’ ಅಂತ ಬಂತು. ಡಿಎಲ್‌ಎಲ್ ಅಂದರೆ ಪ್ರೋಗ್ರಾಮ್‌ಗಳು ಓಡಲು ಬಳಸಿಕೊಳ್ಳುವ ಸಹಾಯಕ ಫೈಲ್. ಆ ಹೆಸರು ಗೂಗಲ್‌ನಲ್ಲಿ ಹುಡುಕಿದೆ. ಡಿಎಲ್‌ಎಲ್ ಫೈಲುಗಳನ್ನು ಬಿಡಿಬಿಡಿಯಾಗಿ ಕೊಡುವ ಒಂದು ತಾಣ ಮೇಲೇ ಸಿಕ್ಕಿತು. ಇಳಿಸಿಕೊಂಡು ಸಾಫ್ಟ್‌ವೇರಿನ ಫೋಲ್ಡರಿಗೆ ಹಾಕಿದೆ. ಈಗ ಬೇರೆ ಎರರ್, ಕೊನೆಯಲ್ಲಿ 7ಬಿ ಅಂತ ಇರುವ ಉದ್ದದ ಸಂಖ್ಯೆ. 32 ಬಿಟ್ ಪ್ರೋಗ್ರಾಮಿಗೆ 64 ಬಿಟ್ ಫೈಲ್ ಕೊಟ್ಟರೆ ಹೀಗೇ ಆಗುತ್ತದಂತೆ. ಆಗ ನನಗೆ ಅದು ತಿಳಿದಿರಲಿಲ್ಲ.

ಅದೇ ತಾಣದಲ್ಲಿ ಸಹಾಯಕ್ಕೆ ಅಂತ ಒಂದು ಫೋನ್ ನಂಬರ್ ಇತ್ತು. ಮಾಡಿದೆ.

ಫೋನ್ ಎತ್ತಿದವನು ಹಿಂದಿಯಲ್ಲಿ ತುಂಬ ಮರ್ಯಾದೆಯಿಂದ ಮಾತಾಡಿದ. ದೂರದಿಂದ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್ ಹಾಕಿಸಿದ. ವಿಂಡೋಸ್‌ನಲ್ಲಿ ಆದದ್ದೆಲ್ಲ ದಾಖಲಾಗುವ ಇವೆಂಟ್ ವ್ಯೂವರ್ ತೆರೆದು ಕೆಂಪು, ಹಳದಿ ಗುರುತುಗಳನ್ನು ತೋರಿಸಿದ. ‘ನೋಡಿ ಸರ್, ಎಷ್ಟು ಸಿಸ್ಟಮ್ ಫೈಲ್ ಹಾಳಾಗಿವೆ’ ಅಂದ. ನಿಮ್ಮ ಚೆನ್ನಾಗಿರುವ ಕಂಪ್ಯೂಟರ್‌ನಲ್ಲೇ ಒಮ್ಮೆ ತೆರೆದು ನೋಡಿ, ಅಲ್ಲೂ ಅಂಥ ಗುರುತುಗಳು ಇರುತ್ತವೆ. ಆಮೇಲೆ ಕಪ್ಪು ಕಿಟಕಿಯಲ್ಲಿ ‘ಟ್ರೀ’ ಅಂತ ಟೈಪ್ ಮಾಡಿದ. ಸಾಲು ಸಾಲಾಗಿ ಏನೇನೋ ಓಡಿತು. ಕೊನೆಯಲ್ಲಿ ‘ವೈರಸ್ ಸಿಕ್ಕಿದೆ’ ಅಂತ ಕಾಣಿಸಿತು. ಆ ಕಮಾಂಡ್ ಫೋಲ್ಡರುಗಳ ಪಟ್ಟಿ ತೋರಿಸುತ್ತದೆ, ಅಷ್ಟೇ. ಕೊನೆಯ ಸಾಲು ಅವನೇ ಟೈಪ್ ಮಾಡಿದ್ದು.

ರಿಪೇರಿಗೆ 2,499 ರೂಪಾಯಿ ಕೇಳಿದ. ಅಪ್ಪನ ಡೆಬಿಟ್ ಕಾರ್ಡ್, ಅಪ್ಪನ ಫೋನಿಗೆ ಓಟಿಪಿ. ‘ಫೇಲ್ ಆಯ್ತು, ಇನ್ನೊಮ್ಮೆ ಬರುತ್ತೆ ನೋಡಿ’ ಅಂದ. ಅಪ್ಪ ಎರಡನೆಯದನ್ನೂ ಓದಿ ಹೇಳಿದರು. ಅದಕ್ಕೆ 17,999 ಹೋಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಮೆಸೇಜಿನಲ್ಲಿ ಮೊತ್ತ ಬರೆದಿತ್ತು, ನಾವಿಬ್ಬರೂ ಓದಲಿಲ್ಲ.

ಸಂಜೆ ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬ ಬಂದ. ಮೊದಲು ನೆಟ್ ಕೇಬಲ್ ಕಿತ್ತ. ನಂತರ ಕೇಳಿದ, ‘ಕಾಣೆಯಾಗಿರೋ ಫೈಲ್ ಯಾರದ್ದು ಅಂತ ನೋಡಿದ್ಯಾ?’ ಇಡೀ ವಿಷಯ ಇರುವುದು ಈ ಪ್ರಶ್ನೆಯಲ್ಲೇ. ನಮ್ಮ ಫೈಲ್ ವಿಷುಯಲ್ ಸಿ ಪ್ಲಸ್ ಪ್ಲಸ್ 2010ರದ್ದು. ಮೈಕ್ರೋಸಾಫ್ಟ್‌ನ ಸ್ವಂತ ತಾಣದಲ್ಲಿ ಆ ಪ್ಯಾಕೇಜ್ ಪೂರ್ತಿ ಸಿಗುತ್ತದೆ, ದುಡ್ಡಿಲ್ಲದೆ. 64 ಬಿಟ್ ಕಂಪ್ಯೂಟರಿಗೆ 32 ಮತ್ತು 64 ಬಿಟ್‌ನ ಎರಡನ್ನೂ ಹಾಕಿಕೊಳ್ಳಬೇಕು. ಅವನು ನಾನು ಹಾಕಿದ್ದ ಫೈಲ್ ಅಳಿಸಿ, ಪ್ಯಾಕೇಜನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ. ಐದು ನಿಮಿಷದಲ್ಲಿ ಲೆಕ್ಕ ತೆರೆಯಿತು.

ಕಾಣೆಯಾದದ್ದು ವಿಂಡೋಸಿನದೇ ಫೈಲ್ ಆಗಿದ್ದರೆ ದಾರಿ ಬೇರೆ. ವಿಂಡೋಸ್ ತನ್ನ ಫೈಲುಗಳ ಪ್ರತಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಕಮಾಂಡ್ ಪ್ರಾಂಪ್ಟನ್ನು (ಅದೇ ಕಪ್ಪು ಕಿಟಕಿ) ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಕೊಟ್ಟರೆ ಆ ಪ್ರತಿಯಿಂದ ತಾನೇ ಸರಿಪಡಿಸಿಕೊಳ್ಳಲು ನೋಡುತ್ತದೆ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ: sfc /scannow. ಓರೆ ಗೀಟಿನ ಮುಂಚೆ ಜಾಗ ಬಿಡಿ, ನಂತರ ಬಿಡಬೇಡಿ.) ಕಂಪ್ಯೂಟರ್ ಆನ್ ಆದರೂ ವಿಂಡೋಸ್ 7 ತೆರೆಯದಿದ್ದರೆ, ಶುರುವಿನಲ್ಲೇ ಎಫ್8 ಒತ್ತಿ ರಿಪೇರಿ ಆಯ್ಕೆಗೆ ಹೋಗಬಹುದು. ಎಲ್ಲಿಂದಲೋ ತಂದ ಬಿಡಿ ಫೈಲ್ ಯಾವುದಕ್ಕೂ ಬೇಡ. ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ನಿಂತಿದೆ, ಹಾಗಾಗಿ ಅದಕ್ಕೆ ಅಪಾಯ ಇನ್ನೂ ಜಾಸ್ತಿ.

ಈಗಾಗಲೇ ಯಾರಿಗಾದರೂ ದುಡ್ಡು ಕೊಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ನಾವು ಬೆಳಿಗ್ಗೆ ಮಾಡೋಣ ಅಂತ ಬಿಟ್ಟೆವು. ಅಷ್ಟರಲ್ಲಿ ದುಡ್ಡು ಆ ಮೋಸಗಾರನ ಖಾತೆಯಿಂದಲೂ ಬೇರೆಡೆ ಹೋಗಿತ್ತು. ಇನ್ನೂ ವಾಪಸ್ ಬಂದಿಲ್ಲ. ಲೆಕ್ಕದ ಬ್ಯಾಕಪ್ ತೆಗೆದುಕೊಂಡು ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದೆವು. ಅಪ್ಪ ಈಗ ಓಟಿಪಿ ಬಂದರೆ ಮೊದಲು ಮೊತ್ತವನ್ನು ಜೋರಾಗಿ ಓದುತ್ತಾರೆ.