ಸೋತ ಮೇಲಿನ ಕೆಲಸಕ್ಕೆ ಮತದಾರರ ಸೇವಾ ಪೋರ್ಟಲ್ ಎಷ್ಟು ಒದಗುತ್ತದೆ?

ಒಬ್ಬರ ಹೆಸರು ಸೇರಿಸಲು, ವಿಳಾಸ ತಿದ್ದಲು ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್ ಚೆನ್ನಾಗಿಯೇ ಇದೆ. ಅದನ್ನೇ ಹಿಡಿದು ಒಂದು ಬೂತಿನ ಇಡೀ ಪಟ್ಟಿ ಪರಿಶೀಲಿಸಲು ಹೊರಟರೆ ಹೆಜ್ಜೆಹೆಜ್ಜೆಗೂ ತೊಡಕು. ಈ ವಿಮರ್ಶೆ ಎರಡನೇ ಬಗೆಯ ಬಳಕೆದಾರರಿಗೆ: ತಮ್ಮ ಪಕ್ಷ ಸೋತಿದೆ, ಸೋಲು ನ್ಯಾಯವಾಗಿಯೇ ಬಂತೇ ಎಂಬ ಅನುಮಾನ ಹೋಗಿಲ್ಲ, ಹಾಗಂತ ಮುಂದಿನ ಚುನಾವಣೆಯವರೆಗೆ ವಾಟ್ಸಾಪಿನಲ್ಲಿ ಬೈದುಕೊಂಡು ಕೂರುವ ಮನಸ್ಸೂ ಇಲ್ಲ ಎನ್ನುವವರಿಗೆ.

ಉದಾಹರಣೆ ನಮ್ಮಲ್ಲೇ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರದಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ಅವರನ್ನು 32,707 ಮತಗಳಿಂದ ಸೋಲಿಸಿದರು. ಆ ಕ್ಷೇತ್ರದೊಳಗಿನ ಮಹದೇವಪುರ ವಿಧಾನಸಭಾ ಕ್ಷೇತ್ರ ಒಂದರಲ್ಲೇ ಮೋಹನ್‌ಗೆ ಸಿಕ್ಕ ಮುನ್ನಡೆ 1,14,046. ಅಲ್ಲಿ 1,00,250 ಮತಗಳು ಅಕ್ರಮ ಎಂದು ರಾಹುಲ್ ಗಾಂಧಿ 2025ರ ಆಗಸ್ಟ್ 7ರಂದು ಆರೋಪಿಸಿದರು. ಎರಡೆರಡು ಸಲ ದಾಖಲಾದವರು 11,965, ಇಲ್ಲದ ಅಥವಾ ಸುಳ್ಳು ವಿಳಾಸದವರು 40,009, ಒಂದೇ ವಿಳಾಸದಲ್ಲಿ ಗುಂಪಾಗಿ ಇರುವವರು 10,452, ಫೋಟೊ ಸರಿಯಿಲ್ಲದವರು 4,132, ನಮೂನೆ 6ರ (ಹೆಸರು ಸೇರಿಸುವ ಅರ್ಜಿ) ದುರ್ಬಳಕೆ 33,692 ಎಂದು ಲೆಕ್ಕ ಕೊಟ್ಟರು. ಆಯೋಗ ಆರೋಪವನ್ನು ತಳ್ಳಿಹಾಕಿ, ಸಹಿ ಮಾಡಿದ ಘೋಷಣಾ ಪತ್ರದೊಂದಿಗೆ ಹೆಸರುಗಳನ್ನು ಕೊಡಿ ಎಂದಿತು. ಯಾರು ಸರಿ ಎಂಬ ತೀರ್ಪು ಇಲ್ಲಿ ಬೇಡ. ಒಂದು ವಿಧಾನಸಭಾ ಕ್ಷೇತ್ರದ ಪಟ್ಟಿ ಜಾಲಾಡಲು ತಮ್ಮ ತಂಡಕ್ಕೆ ಆರು ತಿಂಗಳು ಹಿಡಿಯಿತು ಎಂದು ರಾಹುಲ್ ಹೇಳಿದ್ದರು. ಪೋರ್ಟಲ್ ತೆರೆದು ನೋಡಿದವರಿಗೆ ಅದರಲ್ಲಿ ಆಶ್ಚರ್ಯ ಕಾಣಿಸುವುದಿಲ್ಲ.

ಅಷ್ಟು ಹೊತ್ತಿಗೆ ಕಾನೂನಿನ ಬಾಗಿಲುಗಳು ಮುಚ್ಚಿರುತ್ತವೆ ಎಂಬುದೇ ದೊಡ್ಡ ತೊಂದರೆ. ಫಲಿತಾಂಶ ಪ್ರಶ್ನಿಸಿ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ ಮಾತ್ರ. ಅಭ್ಯರ್ಥಿಯೇ ಹಾಕಬೇಕೆಂದಿಲ್ಲ, ಆ ಕ್ಷೇತ್ರದ ಯಾವ ಮತದಾರರೂ ಹಾಕಬಹುದು. ಭದ್ರತಾ ಠೇವಣಿ 2,000 ರೂಪಾಯಿ, ವಕೀಲರ ಖರ್ಚು ಬೇರೆ. ಮತಯಂತ್ರದ ಮೆಮೊರಿ ಪರೀಕ್ಷೆ ಬೇಕಿದ್ದರೆ ಎರಡನೇ ಮತ್ತು ಮೂರನೇ ಸ್ಥಾನದ ಅಭ್ಯರ್ಥಿಗಳು 7 ದಿನದೊಳಗೆ ಬರೆದು ಕೇಳಬೇಕು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಶೇ 5ರಷ್ಟು ಯಂತ್ರಗಳಿಗೆ ಅವಕಾಶ. ಇದು ಸುಪ್ರೀಂ ಕೋರ್ಟಿನ 2024ರ ಏಪ್ರಿಲ್ 26ರ ತೀರ್ಪು. ಆ ವರ್ಷ ಈ ಪರೀಕ್ಷೆಯ ಶುಲ್ಕ ಯಂತ್ರಗಳ ಒಂದು ಸೆಟ್‌ಗೆ ಜಿಎಸ್‌ಟಿ ಸೇರಿ 47,200 ರೂಪಾಯಿ ಇತ್ತು. ತಕರಾರು ಅರ್ಜಿ ಬರದಿದ್ದರೆ ಮತಗಟ್ಟೆಯ ಸಿಸಿಟಿವಿ ದೃಶ್ಯಗಳನ್ನು 45 ದಿನದ ನಂತರ ಅಳಿಸಬಹುದು ಎಂದು ಆಯೋಗ 2025ರ ಮೇ ತಿಂಗಳಲ್ಲಿ ಸೂಚನೆ ಕೊಟ್ಟಿತು. ಕೋರ್ಟಿಗೆ ಹೋದವರಿಗೂ ತೀರ್ಪು ಬೇಗ ಸಿಗುವುದಿಲ್ಲ. ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾನೂನು. ವಿಧಾನಸಭೆಯ ಮಾತಾದರೂ, ಮಾಲೂರಿನಲ್ಲಿ 2023ರ ಮೇನಲ್ಲಿ 248 ಮತಗಳಿಂದ ಸೋತವರಿಗೆ ಮರುಎಣಿಕೆಯ ಆದೇಶ ಹೈಕೋರ್ಟಿನಿಂದ ಬಂದಿದ್ದು 2025ರ ಸೆಪ್ಟೆಂಬರಿನಲ್ಲಿ, ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹೀಗಾಗಿ ಸಾಮಾನ್ಯ ಕಾರ್ಯಕರ್ತನಿಗೆ ವರ್ಷವಿಡೀ ತೆರೆದಿರುವ ಬಾಗಿಲು ಒಂದೇ, ಮತದಾರರ ಪಟ್ಟಿ.

ಪೋರ್ಟಲ್ಲಿಗೆ ಬರೋಣ. ವೆಬ್‌ಸೈಟೂ ಇದೆ, ಇಸಿಐನೆಟ್ ಎಂಬ ಆ್ಯಪೂ ಇದೆ. ಪಟ್ಟಿ ಇಳಿಸಿಕೊಳ್ಳುವ ಕೆಲಸಕ್ಕೆ ಕಂಪ್ಯೂಟರೇ ವಾಸಿ. ರಾಜ್ಯ, ಜಿಲ್ಲೆ, ವಿಧಾನಸಭಾ ಕ್ಷೇತ್ರ, ಭಾಷೆ, ಪಟ್ಟಿಯ ಬಗೆ, ಭಾಗ ಸಂಖ್ಯೆ (ಒಂದು ಭಾಗವೆಂದರೆ ಒಂದು ಬೂತಿನ ಪಟ್ಟಿ) ಆರಿಸಿ, ಕ್ಯಾಪ್ಚಾ ಬರೆದರೆ ಪಿಡಿಎಫ್ ಇಳಿಯುತ್ತದೆ. ಕರಡು ಪಟ್ಟಿ, ಅಂತಿಮ ಪಟ್ಟಿ ಎರಡನ್ನೂ ಇಳಿಸಿಕೊಂಡು ದಿನಾಂಕ ಸೇರಿಸಿ ಹೆಸರಿಟ್ಟು ಜೋಪಾನ ಮಾಡಿ. ಹೊಸ ಪಟ್ಟಿ ಬಂದ ಮೇಲೆ ಹಳೆಯದು ಅದೇ ಜಾಗದಲ್ಲಿ ಸಿಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ಇಲ್ಲಿ ನಿಜವಾದ ಸರಕು.

ಇಳಿದ ಪಿಡಿಎಫ್‌ನಲ್ಲೇ ಪೋರ್ಟಲ್ಲಿನ ದೊಡ್ಡ ಕೊರತೆ ಇರುವುದು. ಅದರಲ್ಲಿ ಅಕ್ಷರಗಳಿಲ್ಲ, ಅಕ್ಷರಗಳ ಚಿತ್ರವಿದೆ. ಕಂಟ್ರೋಲ್ ಎಫ್ ಒತ್ತಿದರೆ ಏನೂ ಸಿಗುವುದಿಲ್ಲ. ಹುಡುಕಬಹುದಾದ ರೂಪದಲ್ಲಿ ಕೊಡಿ ಎಂದು ಕಾಂಗ್ರೆಸ್ಸಿನ ಕಮಲ್ ನಾಥ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2018ರಲ್ಲಿ ಕೋರ್ಟು ಒಪ್ಪಲಿಲ್ಲ. ಮತದಾರರ ಖಾಸಗಿತನ, ಮಾಹಿತಿಯ ದುರುಪಯೋಗ ಎಂಬುದು ಆಯೋಗ ಕೊಡುವ ಕಾರಣ. ಕಾರಣದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಹಣವಿರುವ ಪಕ್ಷ ಜನ ಇಟ್ಟು ಟೈಪ್ ಮಾಡಿಸುತ್ತದೆ, ಬರಿಗೈಯ ಕಾರ್ಯಕರ್ತನಿಗೆ ಮಾತ್ರ ಅಡ್ಡಿ. ಬಿಹಾರದಲ್ಲಿ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಮೇತ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಕೊಟ್ಟು ಹುಡುಕುವಂತೆ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 14ರಂದು ಹೇಳಿತು, ಆಯೋಗ ಪ್ರಕಟಿಸಿತು. ಮಾಡಲಾಗದ ಕೆಲಸವೇನೂ ಅಲ್ಲ.

ಒಸಿಆರ್, ಅಂದರೆ ಚಿತ್ರದಲ್ಲಿನ ಬರಹ ಓದುವ ತಂತ್ರ, ಹಾಕಿ ಅಕ್ಷರ ತೆಗೆಯಬಹುದು. ಪುಕ್ಕಟೆ ಸಿಗುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕನ್ನಡ ಗೊತ್ತು. ಆದರೆ ಒತ್ತಕ್ಷರ, ದೀರ್ಘಗಳಲ್ಲಿ ಎಡವುತ್ತದೆ. ಬೆಂಗಳೂರಿನ ಕ್ಷೇತ್ರಗಳಿಗೆ ಇಂಗ್ಲಿಷ್ ಪಟ್ಟಿಯೂ ಇರುವುದರಿಂದ ಅಲ್ಲಿ ಅದನ್ನೇ ಬಳಸುವುದು ಜಾಣತನ. ಇಡೀ ಕ್ಷೇತ್ರಕ್ಕೆ ಕೈಹಾಕಬೇಡಿ. ಒಂದು ಪುಟಕ್ಕೆ ಮೂರು ಅಂಕಣಗಳಲ್ಲಿ 30 ಮತದಾರರು. 1,200 ಮತದಾರರ ಭಾಗವೆಂದರೆ 40 ಪುಟ. ಇಬ್ಬರು ಕೂತರೆ ಒಂದು ವಾರಾಂತ್ಯದಲ್ಲಿ ಎಕ್ಸೆಲ್ ಹಾಳೆಗೆ ಇಳಿಸಬಹುದು: ಒಬ್ಬರು ಓದಬೇಕು, ಇನ್ನೊಬ್ಬರು ಬರೆಯಬೇಕು. ಕ್ರಮ ಸಂಖ್ಯೆ, ಎಪಿಕ್, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ, ಇಷ್ಟೇ ಸಾಕು. ಸಾರ್ವಜನಿಕ ಪಟ್ಟಿಯಲ್ಲಿ ಫೋಟೊ ಇರುವುದಿಲ್ಲ, ಆದ್ದರಿಂದ ಮುಖ ನೋಡಿ ಹೋಲಿಸುವ ಆಸೆ ಬಿಡಿ.

ಕೊನೆಯ ಪುಟಗಳನ್ನು ಮೊದಲು ಓದಿ. ಸೇರ್ಪಡೆ, ತಿದ್ದುಪಡಿ, ತೆಗೆದುಹಾಕಿದ ಹೆಸರುಗಳ ಪುರವಣಿ ಅಲ್ಲಿರುತ್ತದೆ. ತೆಗೆದ ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ ಕಾಣುತ್ತದೆ: ‘ಇ’ ಎಂದರೆ ಮರಣ, ‘ಎಸ್’ ಎಂದರೆ ವಾಸಸ್ಥಳ ಬದಲು, ‘ಆರ್’ ಎಂದರೆ ಎರಡು ಸಲ ದಾಖಲಾದದ್ದು, ‘ಎಂ’ ಎಂದರೆ ಸಿಗದವರು, ‘ಕ್ಯೂ’ ಎಂದರೆ ಅನರ್ಹತೆ. ಒಂದೇ ಬೀದಿಯಲ್ಲಿ ‘ಎಸ್’ ಗುಂಪಾಗಿ ಬಿದ್ದಿದ್ದರೆ ಆ ಬೀದಿಗೆ ಹೋಗಿ ಬಾಗಿಲು ತಟ್ಟಬೇಕು. ಜನ ಮನೆಯಲ್ಲೇ ಇದ್ದರೆ ಕೂಡಲೇ ನಮೂನೆ 6.

ಮುಂದೆ ಮನೆ ಸಂಖ್ಯೆಯ ಪ್ರಕಾರ ಜೋಡಿಸಿ. ಒಂದೇ ಸಂಖ್ಯೆಯಲ್ಲಿ ಹತ್ತಕ್ಕಿಂತ ಹೆಚ್ಚು ಜನರಿದ್ದರೆ ಗುರುತು ಹಾಕಿ. ಆದರೆ ಗುರುತು ಹಾಕಿದ್ದೆಲ್ಲ ಕಳ್ಳಮತ ಅಲ್ಲ. ವರ್ತೂರು, ಮಾರತಹಳ್ಳಿ ಕಡೆ ಪಿಜಿಗಳಿವೆ. ಅಪಾರ್ಟ್‌ಮೆಂಟಿನ ಹೆಸರು ಬರೆದು ಫ್ಲ್ಯಾಟ್ ಸಂಖ್ಯೆ ಬಿಟ್ಟಿರುತ್ತಾರೆ. ಒಂದೇ ಸೈಟಿನಲ್ಲಿ ಸಾಲು ಬಾಡಿಗೆ ಮನೆಗಳಿರುತ್ತವೆ, ಬಾಡಿಗೆದಾರರು ಖಾಲಿ ಮಾಡಿ ಹೋದರೂ ಹೆಸರು ಉಳಿದಿರುತ್ತದೆ. ಮನೆ ಸಂಖ್ಯೆ ‘0’ ಎಂದಿರುವುದಕ್ಕೆ ಮುಖ್ಯ ಚುನಾವಣಾ ಆಯುಕ್ತ ಜ್ಞಾನೇಶ್ ಕುಮಾರ್ ಕೊಟ್ಟ ಉತ್ತರ, ಸಂಖ್ಯೆಯೇ ಇಲ್ಲದ ಮನೆಗಳೂ ಇವೆ ಎಂಬುದು. ಕಂದಾಯ ಬಡಾವಣೆ ಕಂಡವರು ಅದನ್ನು ಪೂರ್ತಿ ಅಲ್ಲಗಳೆಯಲಾರರು. ಎಪಿಕ್ ಸಂಖ್ಯೆ ಒಂದೇ ಇದ್ದ ಮಾತ್ರಕ್ಕೂ ತೀರ್ಮಾನಕ್ಕೆ ಬರಬೇಡಿ. ಬೇರೆ ಬೇರೆ ರಾಜ್ಯದ ಇಬ್ಬರಿಗೆ ಒಂದೇ ಸಂಖ್ಯೆ ಹೋಗಿದ್ದನ್ನು ಆಯೋಗವೇ 2025ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ತಿರುಗಾಮುರುಗಾ, ಒಬ್ಬರಿಗೇ ಎರಡು ಎಪಿಕ್ ಇರುವುದೂ ಉಂಟು. ಹೆಸರು, ತಂದೆಯ ಹೆಸರು, ವಯಸ್ಸು ಮೂರೂ ಹೊಂದಿದರೆ ಮಾತ್ರ ಮುಂದಕ್ಕೆ ಹೋಗಿ.

ನಲವತ್ತು ದಾಟಿದವರು ‘ಹೊಸ ಮತದಾರ’ ಆಗಿ ಬಂದಿದ್ದಾರೆ ಎಂಬ ಗುಮಾನಿಗೂ ಒಂದು ಹಿನ್ನೆಲೆಯಿದೆ. 2022ರ ಆಗಸ್ಟ್ 1ರವರೆಗೆ ಕ್ಷೇತ್ರ ಬದಲಿಸುವವರೂ ನಮೂನೆ 6ನ್ನೇ ತುಂಬುತ್ತಿದ್ದರು. ಆಮೇಲೆ ಸ್ಥಳಾಂತರ ನಮೂನೆ 8ಕ್ಕೆ ಹೋಯಿತು, ನಮೂನೆ 6 ಯಾವ ಪಟ್ಟಿಯಲ್ಲೂ ಹೆಸರಿಲ್ಲದವರಿಗೆ ಮಾತ್ರ. ಹುಬ್ಬಳ್ಳಿಯಿಂದ ಬಂದವರು ಇಂದಿಗೂ ಹಳೇ ಅಭ್ಯಾಸದಲ್ಲಿ 6 ತುಂಬಿದರೆ ಬೆಂಗಳೂರಿನಲ್ಲಿ ಹೆಸರು ಸೇರುತ್ತದೆ, ಹುಬ್ಬಳ್ಳಿಯಲ್ಲಿ ಹೋಗುವುದಿಲ್ಲ. ಎರಡು ಕಡೆ ಹೆಸರು ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಮೊದಲ ಪುಟದಲ್ಲೇ ‘ಎಲ್ಲಾದರೂ ಈಗಾಗಲೇ ಹೆಸರಿದೆಯೇ?’ ಎಂದು ಕೇಳಿ, ಇದ್ದರೆ ನೇರ ನಮೂನೆ 8ಕ್ಕೆ ಕಳಿಸುವಂತೆ ಪೋರ್ಟಲ್ ಇರಬೇಕಿತ್ತು. ಮನೆಮನೆಗೆ ಹೋಗುವ ಕಾರ್ಯಕರ್ತರು ಈ ಒಂದು ಪ್ರಶ್ನೆ ಕೇಳಿದರೂ ಅರ್ಧ ಗೋಜಲು ತಪ್ಪುತ್ತದೆ.

ನಮೂನೆ 7, ಅಂದರೆ ಹೆಸರು ತೆಗೆಯುವ ಅರ್ಜಿ, ಹುಷಾರಾಗಿ ಮುಟ್ಟಬೇಕಾದದ್ದು. ಆಕ್ಷೇಪ ಎತ್ತುವವರು ಅದೇ ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು, ತಮ್ಮ ಎಪಿಕ್ ಸಂಖ್ಯೆ ಕೊಡಬೇಕು. ಸುಳ್ಳೆಂದು ಗೊತ್ತಿದ್ದೂ ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲಾಗಬಹುದು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಆಗಿದ್ದು ನೆನಪಿರಲಿ: 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು, ಪರಿಶೀಲಿಸಿದಾಗ ಸರಿಯಾಗಿದ್ದದ್ದು 24, ಉಳಿದ 5,994 ತಪ್ಪು. ಅರ್ಜಿದಾರರೆಂದು ಕಾಣಿಸಿಕೊಂಡವರಿಗೇ ಅರ್ಜಿಯ ವಿಷಯ ಗೊತ್ತಿರಲಿಲ್ಲ ಎಂಬ ದೂರು ಬಂತು. ಬೂತ್ ಮಟ್ಟದ ಪರಿಶೀಲನೆ ನಡೆದದ್ದರಿಂದ ಹೆಸರುಗಳು ಉಳಿದವು. ಅದಾದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಪೋರ್ಟಲ್ಲಿಗೆ ಆಧಾರ್ ಒಟಿಪಿಯ ಇ-ಸಹಿ ಬಂತು. ಬೇಕಾದದ್ದೇ. ಆದರೆ ಮೊಬೈಲ್ ಆಧಾರ್‌ಗೆ ಜೋಡಣೆಯಾಗಿರಬೇಕು, ಗುರುತಿನ ಚೀಟಿ ಮತ್ತು ಆಧಾರಿನ ಹೆಸರು ಹೊಂದಬೇಕು. ಒಂದರಲ್ಲಿ ‘ಮಹದೇವಪ್ಪ’, ಇನ್ನೊಂದರಲ್ಲಿ ‘ಮಾದೇವಪ್ಪ ಎಸ್’ ಇದ್ದರೆ ಅಲ್ಲೇ ನಿಂತಿತು. ವಯಸ್ಸಾದವರ ಅರ್ಜಿಗಳನ್ನು ಕಾಗದದಲ್ಲಿ ತುಂಬಿಸಿ ಬೂತ್ ಮಟ್ಟದ ಅಧಿಕಾರಿ ಅಂದರೆ ಬಿಎಲ್‌ಒ ಕೈಗೆ ಕೊಟ್ಟು ಸ್ವೀಕೃತಿ ಪಡೆಯುವುದೇ ಸಲೀಸು. ಬಹುಪಾಲು ಬಿಎಲ್‌ಒಗಳು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು. ಅವರ ಮೇಲೆ ರೇಗಿ ಪ್ರಯೋಜನವಿಲ್ಲ, ಅಧಿಕಾರ ಇರುವುದು ಮತದಾರರ ನೋಂದಣಾಧಿಕಾರಿಗೆ.

ಪೋರ್ಟಲ್ಲಿನ ಅತ್ಯುತ್ತಮ ಭಾಗ ಅರ್ಜಿಯ ಜಾಡು ಹಿಡಿಯುವ ವ್ಯವಸ್ಥೆ. ಉಲ್ಲೇಖ ಸಂಖ್ಯೆ ಹಾಕಿದರೆ ಬಿಎಲ್‌ಒಗೆ ಹೋಯಿತೇ, ಸ್ಥಳ ಪರಿಶೀಲನೆ ಆಯಿತೇ, ಒಪ್ಪಿದರೇ ತಿರಸ್ಕರಿಸಿದರೇ ಎಂಬುದು ಕಾಣುತ್ತದೆ. ಸ್ಕ್ರೀನ್‌ಶಾಟ್ ತೆಗೆದಿಡಿ. ನೋಂದಣಾಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ಸೋತರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಟ್ಟಿಯ ಬಗ್ಗೆ ದೊಡ್ಡ ದನಿಯಲ್ಲಿ ದೂರುವ ಪಕ್ಷಗಳೇ ಈ ದಾರಿ ಹಿಡಿಯದಿದ್ದರೆ, ‘ಆಗ ಯಾಕೆ ಸುಮ್ಮನಿದ್ದಿರಿ’ ಎಂದು ಕೇಳುವ ಅವಕಾಶವನ್ನು ಆಯೋಗಕ್ಕೆ ತಾವೇ ಕೊಟ್ಟಂತೆ.

ಇನ್ನೊಂದು ಸೌಲಭ್ಯವನ್ನು ಬಹಳ ಜನ ಗಮನಿಸುವುದೇ ಇಲ್ಲ. ಬಂದ ಅರ್ಜಿಗಳನ್ನು ನೋಂದಣಾಧಿಕಾರಿ ಪಟ್ಟಿ ಮಾಡಿ ಪ್ರಕಟಿಸಬೇಕು: ಸೇರ್ಪಡೆಗಳು ನಮೂನೆ 9ರಲ್ಲಿ, ತೆಗೆಯುವ ಅರ್ಜಿಗಳು ನಮೂನೆ 10ರಲ್ಲಿ, ತಿದ್ದುಪಡಿಗಳು ನಮೂನೆ 11ರಲ್ಲಿ. ಆಕ್ಷೇಪಕ್ಕೆ ಏಳು ದಿನ. ಆಳಂದದಂಥದ್ದು ನಡೆಯುತ್ತಿದ್ದರೆ ಮೊದಲು ಕಾಣುವುದು ನಮೂನೆ 10ರಲ್ಲೇ. ಪ್ರತಿ ಸೋಮವಾರ ಒಬ್ಬರು ಅದನ್ನು ನೋಡುವ ಹೊಣೆ ಹೊತ್ತರೆ ಸಾಕು. ಪ್ರಕಟಣೆ ಹುಡುಕುವುದು ಸುಲಭವಿಲ್ಲ. ಕೆಲವು ಕಡೆ ಮುಖ್ಯ ಚುನಾವಣಾಧಿಕಾರಿಯ ಜಾಲತಾಣ, ಕೆಲವು ಕಡೆ ಕಚೇರಿಯ ನೋಟಿಸ್ ಬೋರ್ಡು.

ಮಾನ್ಯತೆ ಪಡೆದ ಪಕ್ಷದವರಾದರೆ ಬಿಎಲ್‌ಎ ಆಗಿ. ಬೂತ್ ಮಟ್ಟದ ಏಜೆಂಟರು ದಿನಕ್ಕೆ ಹತ್ತರವರೆಗೆ ಅರ್ಜಿಗಳನ್ನು ಒಟ್ಟಿಗೆ ಕೊಡಬಹುದು. ಒಟ್ಟು ಮೂವತ್ತು ದಾಟಿದರೆ ಮೇಲಧಿಕಾರಿಯ ಮರುಪರಿಶೀಲನೆ ಇರುತ್ತದೆ. ಬಹಳಷ್ಟು ಬೂತ್‌ಗಳಲ್ಲಿ ಬಿಎಲ್‌ಎ ಹೆಸರು ಕಾಗದದಲ್ಲಿ ಮಾತ್ರ ಇರುತ್ತದೆ, ಗೆದ್ದ ಪಕ್ಷದ್ದೂ ಅಷ್ಟೇ. ಪಕ್ಷದ ಗೊಡವೆ ಬೇಡದವರಿಗೂ ಕೆಲಸವಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕು ದಿನಾಂಕಗಳಲ್ಲಿ ಯಾವುದಕ್ಕಾದರೂ 18 ತುಂಬುವವರು ಅರ್ಹರು. 17 ದಾಟಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಪಿಯು ಕಾಲೇಜಿನ ಗೇಟಿನಲ್ಲಿ ಒಂದು ಮೇಜು ಹಾಕಿ ಕೂತರೆ ಆಯಿತು. ಗಡುವು ನೋಡಿಕೊಳ್ಳಿ: ನಾಮಪತ್ರದ ಕೊನೆಯ ದಿನಕ್ಕೆ ಪಟ್ಟಿ ಬಾಗಿಲು ಹಾಕುತ್ತದೆ, ಅರ್ಜಿ ಅದಕ್ಕೂ ಹತ್ತು ದಿನ ಮೊದಲೇ ಸೇರಿರಬೇಕು. ಮತದಾನದ ಹಿಂದಿನ ವಾರ ಸಹಾಯವಾಣಿ 1950ಕ್ಕೆ ಕರೆ ಮಾಡಿದರೆ ಸಿಗುವುದು ವಿನಯದ ಉತ್ತರ ಮಾತ್ರ.

ಅಂಕ ಕೊಡುವುದಾದರೆ, ಅರ್ಜಿ ಹಾಕಿ ಜಾಡು ಹಿಡಿಯಲು ಐದಕ್ಕೆ ನಾಲ್ಕು, ಪಟ್ಟಿ ಪರಿಶೀಲಿಸಲು ಒಂದೂವರೆ. ವಾರ್ಡು, ಪಂಚಾಯ್ತಿಗಳ ಪಟ್ಟಿಗೂ ವಿಧಾನಸಭಾ ಪಟ್ಟಿಯೇ ಆಧಾರವಾದ್ದರಿಂದ ಇಲ್ಲಿ ತಿದ್ದಿಸಿದ್ದು ಅಲ್ಲೂ ಫಲ ಕೊಡುತ್ತದೆ. ಮತದಾನದ ದಿನದ ದಾಖಲೆ ಮಾತ್ರ ಈ ಪೋರ್ಟಲ್ಲಿನಲ್ಲಿ ಸಿಗದು. ಆ ಸಂಜೆ ಪ್ರಿಸೈಡಿಂಗ್ ಅಧಿಕಾರಿ ಮತಗಟ್ಟೆಯ ಏಜೆಂಟರಿಗೆ ನಮೂನೆ 17ಸಿಯ ಮೊದಲ ಭಾಗದ ಪ್ರತಿ ಕೊಡಬೇಕು: ಕಂಟ್ರೋಲ್ ಯೂನಿಟ್ ಸಂಖ್ಯೆ, ದಾಖಲಾದ ಒಟ್ಟು ಮತ, ಮೊಹರಿನ ಸಂಖ್ಯೆ ಅದರಲ್ಲಿರುತ್ತವೆ. ಸುಸ್ತಾಗಿ ಆರು ಗಂಟೆಗೇ ಮನೆಗೆ ಹೊರಡುವ ಏಜೆಂಟರನ್ನು ಕೂರಿಸಬೇಡಿ. ಎಣಿಕೆಯ ಮೇಜಿನಲ್ಲಿ ಕೂರುವವರ ಕೈಯಲ್ಲಿ ಆ ಪ್ರತಿ ಇದ್ದರೆ ಸಂಖ್ಯೆ ಹೊಂದಿತೋ ಇಲ್ಲವೋ ಅಲ್ಲೇ ಹೇಳಬಹುದು, ಇಲ್ಲವೆಂದರೆ ಮರುಎಣಿಕೆಗೆ ಬರವಣಿಗೆಯಲ್ಲಿ ಅಲ್ಲೇ ಕೇಳಬಹುದು.